ಕಂತು ಬಡವನ ಹೆಸರಲ್ಲಿ, ಕಾಸು ಕಂಪನಿಯ ಗಲ್ಲಾದಲ್ಲಿ



2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಅಂದರೆ 43 ದಿವಸ, ಅಮೆರಿಕದ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿಕೊಂಡಿದ್ದವು. ಲಕ್ಷಾಂತರ ನೌಕರರಿಗೆ ಸಂಬಳವಿಲ್ಲ. ಅಲ್ಲಿಯವರೆಗೆ ಆ ದೇಶದಲ್ಲಿ ಅಷ್ಟು ದಿನ ಯಾವತ್ತೂ ಹೀಗೆ ಆಗಿರಲಿಲ್ಲ. ದೊಡ್ಡವರ ಕುಸ್ತಿ, ನಮಗೇನು ಅಂತ ಪೇಪರ್ ಮಡಿಸಿಟ್ಟವರೇ ಹೆಚ್ಚು. ಆದರೆ ಜಗಳ ಯಾವುದಕ್ಕೆ? ಆರೋಗ್ಯ ವಿಮೆಯ ಕಂತಿಗೆ ಸರ್ಕಾರ ಕೊಡುತ್ತಿದ್ದ ಹೆಚ್ಚಿನ ತೆರಿಗೆ ಕ್ರೆಡಿಟ್ಟನ್ನು ಮುಂದುವರಿಸಬೇಕೋ ಬೇಡವೋ ಅನ್ನುವುದಕ್ಕೆ. ಕಾಯಿಲೆ ಬಿದ್ದ ಬಡವನ ಬಿಲ್ಲು ಯಾರು ಕಟ್ಟಬೇಕು ಅನ್ನುವ ಪ್ರಶ್ನೆ ಇದು. ಈ ಪ್ರಶ್ನೆ ನಮ್ಮ ಕೇರಿಗೆ ಹೊಸದಲ್ಲ. ಹಾಗಾಗಿ ಈ ಸಲ ಇದನ್ನೇ ಬರೆಯುತ್ತಿದ್ದೇವೆ.

ಮೊದಲು ಈ ಕ್ರೆಡಿಟ್ ಅಂದರೆ ಏನು ಅಂತ ಬಿಡಿಸಿ ನೋಡೋಣ. ನಮ್ಮ 1961ರ ಆದಾಯ ತೆರಿಗೆ ಕಾಯ್ದೆಗೆ 1986ರಲ್ಲಿ 80ಡಿ ಅನ್ನುವ ಕಲಮು ಸೇರಿಸಿದರು. ವಿಮೆ ಕಂತು ಕಟ್ಟಿದವನು ಆ ಹಣವನ್ನು ವರಮಾನದಿಂದ ಕಳೆದು ತೋರಿಸಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ. 30ರ ದರದಲ್ಲಿ ತೆರಿಗೆ ಕಟ್ಟುವ ಸಾಹೇಬ 25,000 ರೂಪಾಯಿ ಕಂತು ತೋರಿಸಿದರೆ ಅವನಿಗೆ 7,500 ರೂಪಾಯಿ ಉಳಿಯಿತು. ಶೇ. 5ರ ಗುಮಾಸ್ತನಿಗೆ ಉಳಿದದ್ದು 1,250. ತೆರಿಗೆ ಕಟ್ಟುವಷ್ಟು ವರಮಾನವೇ ಇಲ್ಲದ ಕೂಲಿಯವನಿಗೆ? ಸೊನ್ನೆ. ಹೆಚ್ಚು ಉಳ್ಳವನಿಗೆ ಹೆಚ್ಚು ರಿಯಾಯಿತಿ. ಇದಕ್ಕೆ ನಮ್ಮವರು ಇಟ್ಟ ಹೆಸರು ಪ್ರೋತ್ಸಾಹ!

ಅಮೆರಿಕದ ಕ್ರೆಡಿಟ್ ಇದರ ತಿರುವುಮುರುವು. 2010ರ ಮಾರ್ಚ್ 23ರಂದು ಒಬಾಮ ರುಜು ಹಾಕಿದ ಕಾಯ್ದೆಯ ಪ್ರಕಾರ 2014ರಿಂದ ಅದು ಜಾರಿಗೆ ಬಂತು. ಒಬ್ಬನ ವರಮಾನದಲ್ಲಿ ಇಷ್ಟು ಪಾಲು ಮಾತ್ರ ಅವನು ಕಂತಿಗೆ ಕಟ್ಟಲಿ, ಮಿಕ್ಕದ್ದನ್ನು ಸರ್ಕಾರ ಕೊಡುತ್ತದೆ ಅನ್ನುವುದು ಲೆಕ್ಕ. ಅವನು ತೆರಿಗೆ ಕಟ್ಟುವವನೇ ಆಗಿರಬೇಕು ಅಂತಿಲ್ಲ. ವರ್ಷದ ಕೊನೆಯವರೆಗೆ ಕಾಯಬೇಕಾಗಿಯೂ ಇಲ್ಲ. ತಿಂಗಳು ತಿಂಗಳು ಆ ಹಣ ನೇರ ವಿಮಾ ಕಂಪನಿಗೆ ಹೋಗುತ್ತದೆ. (ಕೊನೆಯ ಮಾತನ್ನು ನೆನಪಿಡಿ, ಅದಕ್ಕೆ ವಾಪಸ್ಸು ಬರುತ್ತೇವೆ.)

ಆದರೆ ಆ ಕಾಯ್ದೆಗೆ ಎರಡು ತುದಿ ಇದ್ದವು, ಮೇಲೊಂದು, ಕೆಳಗೊಂದು. ಮೇಲಿನ ತುದಿ, ಅವರ ಬಡತನ ರೇಖೆಯ ನಾಲ್ಕು ಪಟ್ಟು. 2026ರ ವಿಮೆಗೆ ಒಂಟಿ ಮನುಷ್ಯನಿಗೆ ಅದು 62,600 ಡಾಲರ್ ಆಗುತ್ತದೆ. ಅಷ್ಟು ದುಡಿದವನು ವರಮಾನದ ಶೇ. 10ಕ್ಕೆ ಒಂಚೂರು ಕಡಿಮೆ ಕಟ್ಟಿದರೆ ಸಾಕು. ಅದಕ್ಕಿಂತ ಒಂದೇ ಒಂದು ಡಾಲರ್ ಹೆಚ್ಚು ದುಡಿದರೆ ನಯಾಪೈಸೆ ಸಿಗುವುದಿಲ್ಲ, ಪೂರಾ ಕಂತು ಅವನ ತಲೆಗೆ. ಅರವತ್ತು ದಾಟಿದವನಿಗೆ ಇಪ್ಪತ್ತರ ಹುಡುಗನ ಮೂರು ಪಟ್ಟು ಕಂತು ಹಾಕಲು ಕಂಪನಿಗೆ ಕಾನೂನೇ ಅವಕಾಶ ಕೊಟ್ಟಿದೆ. ಅಂದಮೇಲೆ ಹೊಡೆತ ಯಾರಿಗೆ ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೆಳಗಿನ ತುದಿಯ ಕತೆ ಇನ್ನೂ ಘೋರ. ಬಡತನ ರೇಖೆಗಿಂತ ಕೆಳಗಿರುವವನಿಗೆ ಕ್ರೆಡಿಟ್ಟೇ ಇಲ್ಲ! ಯಾಕೆಂದರೆ ಕಾಯ್ದೆ ಬರೆದವರು, ಅವನನ್ನು ಮೆಡಿಕೇಡ್ ಅನ್ನುವ ಬಡವರ ಯೋಜನೆಗೆ ಎಲ್ಲ ರಾಜ್ಯಗಳೂ ಸೇರಿಸಿಕೊಳ್ಳುತ್ತವೆ ಅಂತ ನಂಬಿದ್ದರು. 2012ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಇಷ್ಟವಿದ್ದರೆ ಸೇರಿಸಿಕೊಳ್ಳಲಿ ಅಂದುಬಿಟ್ಟಿತು. ಇಷ್ಟವಿಲ್ಲ ಅಂದವು ಯಾವುವು? ಟೆಕ್ಸಾಸ್, ಫ್ಲಾರಿಡಾ, ಅಲಬಾಮಾ, ಮಿಸಿಸಿಪ್ಪಿ, ದಕ್ಷಿಣ ಕೆರೊಲಿನಾ, ಟೆನಿಸಿ. ನಕ್ಷೆ ತೆಗೆದು ನೋಡಿ. ಕರಿಯರನ್ನು ಗುಲಾಮರಾಗಿ ದುಡಿಸಿ ಹತ್ತಿ ಬೆಳೆದ ನೆಲ ಅದು. ಜಾರ್ಜಿಯಾ 2023ರಲ್ಲಿ ಅರ್ಧ ಬಾಗಿಲು ತೆರೆಯಿತು, ಅದೂ ತಿಂಗಳಿಗೆ 80 ಗಂಟೆ ದುಡಿದ ಲೆಕ್ಕ ಒಪ್ಪಿಸಿದವರಿಗೆ. ಹೀಗೆ ಮೆಡಿಕೇಡೂ ಇಲ್ಲದೆ ಕ್ರೆಡಿಟ್ಟೂ ಇಲ್ಲದೆ ನಡುಗುಂಡಿಯಲ್ಲಿ ಬಿದ್ದವರು ಸುಮಾರು 14 ಲಕ್ಷ ಜನ. ಕರಿಯರು ಜನಸಂಖ್ಯೆಯಲ್ಲಿರುವ ಪಾಲಿಗಿಂತ ಆ ಗುಂಡಿಯಲ್ಲಿರುವ ಪಾಲು ದೊಡ್ಡದು. ಕಾನೂನಿನಲ್ಲಿ ಕರಿಯ ಅನ್ನುವ ಪದ ಎಲ್ಲೂ ಇಲ್ಲ. ಬೇಕಾಗಿಯೂ ಇಲ್ಲ. ಊರಿನ ಬಾವಿಯ ಹತ್ತಿರ ಬೋರ್ಡು ಹಾಕದೆಯೇ ನಮ್ಮವರನ್ನು ದೂರ ಇಟ್ಟ ಜನರನ್ನು ನಾವೂ ಕಂಡವರೇ.

ಕೋವಿಡ್ ಬಂದಾಗ, 2021ರ ಮಾರ್ಚಿನಲ್ಲಿ, ಬೈಡನ್ ಸರ್ಕಾರ ಕ್ರೆಡಿಟ್ಟನ್ನು ಹಿಗ್ಗಿಸಿತು. ಮೇಲಿನ ತುದಿ ತೆಗೆದು, ಯಾರೂ ವರಮಾನದ ಶೇ. 8.5ಕ್ಕಿಂತ ಹೆಚ್ಚು ಕಟ್ಟಬೇಕಿಲ್ಲ ಅಂದರು. ಬಡತನ ರೇಖೆಯ ಒಂದೂವರೆ ಪಟ್ಟಿನೊಳಗಿನವರಿಗೆ ಸಾಧಾರಣ ದರ್ಜೆಯ ಪಾಲಿಸಿ ಸೊನ್ನೆ ಕಂತಿಗೆ ಸಿಕ್ಕಿತು. 2022ರ ಆಗಸ್ಟಿನಲ್ಲಿ ಇನ್ನೊಂದು ಕಾಯ್ದೆ ತಂದು ಅದನ್ನು 2025ರ ಕೊನೆಯವರೆಗೆ ಬೆಳೆಸಿದರು. ಫಲ ಕಣ್ಣಿಗೆ ಕಂಡಿತು. 2020ರಲ್ಲಿ ಈ ಸರ್ಕಾರಿ ವಿಮಾ ಸಂತೆಯಲ್ಲಿ ಪಾಲಿಸಿ ಕೊಂಡವರು ಸುಮಾರು 1 ಕೋಟಿ 14 ಲಕ್ಷ, 2025ರಲ್ಲಿ 2 ಕೋಟಿ 40 ಲಕ್ಷ ದಾಟಿತು. ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಟ್ಯಾಕ್ಸಿ ಓಡಿಸುವವರು, ಸಣ್ಣ ರೈತರು, ಸಣ್ಣ ಅಂಗಡಿಯವರು, ಅಂದರೆ ಮಾಲೀಕನಿಂದ ವಿಮೆ ಸಿಗದ ಮಂದಿ ಇವರು.

2025ರ ಡಿಸೆಂಬರ್ 31ಕ್ಕೆ ಆ ಹೆಚ್ಚಳ ಮುಗಿಯಿತು. ಕ್ರೆಡಿಟ್ ಪಡೆಯುವವನು ಸರಾಸರಿ ವರ್ಷಕ್ಕೆ 888 ಡಾಲರ್ ಕೈಯಿಂದ ಹಾಕುತ್ತಿದ್ದದ್ದು, ಅದೇ ಪಾಲಿಸಿ ಉಳಿಸಿಕೊಂಡರೆ 2026ಕ್ಕೆ 1,904 ಆಗುತ್ತದೆ ಅಂತ ಅಲ್ಲಿನ ಆರೋಗ್ಯ ಸಂಶೋಧಕರು ಮೊದಲೇ ಲೆಕ್ಕ ಹಾಕಿದ್ದರು. ಉಳಿಸಲು ಮಸೂದೆಗಳೂ ಬಂದವು. ಮೂರು ವರ್ಷ ಮುಂದುವರಿಸುವ ಮಸೂದೆಗೆ 2025ರ ಡಿಸೆಂಬರ್ 11ರಂದು ಸೆನೆಟ್ಟಿನಲ್ಲಿ 51 ಮತ ಪರ, 48 ವಿರೋಧ. ಹೆಚ್ಚು ಮತ ಬಿದ್ದೂ ಸೋತಿತು! ಅಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕಾದರೆ 60 ಬೇಕಂತೆ. 2026ರ ಜನವರಿಯಲ್ಲಿ ಕೆಳಮನೆ ಅಂಥದೇ ಮಸೂದೆಯನ್ನು ಒಪ್ಪಿತು. ಟ್ರಂಪ್ ಪಕ್ಷದ 17 ಮಂದಿಯೇ ಪಕ್ಷ ಬಿಟ್ಟು ಕೈ ಎತ್ತಿದರು. ಅವರವರ ಕ್ಷೇತ್ರದ ಮತದಾರರು ಹೊಸ ಕಂತಿನ ಚೀಟಿ ಹಿಡಿದು ಬಾಗಿಲಿಗೆ ಬರುತ್ತಾರೆ ಅನ್ನುವ ದಿಗಿಲು ಇದ್ದಿರಲೇಬೇಕು.

ವಿರೋಧಿಗಳ ಮಾತನ್ನೂ ಕೇಳೋಣ. ಕೋವಿಡ್ಡಿಗೆ ತಂದದ್ದು, ಕೋವಿಡ್ ಹೋಯಿತು ಅನ್ನುತ್ತಾರೆ. ಕಾಯಂ ಮಾಡಿದರೆ ಹತ್ತು ವರ್ಷಕ್ಕೆ 35,000 ಕೋಟಿ ಡಾಲರ್ ಖರ್ಚು ಅನ್ನುತ್ತಾರೆ. ಇದು ಅವರ ಸಂಸತ್ತಿನ ಬಜೆಟ್ ಕಚೇರಿಯದೇ ಲೆಕ್ಕ, ಸುಳ್ಳಲ್ಲ. ಸೊನ್ನೆ ಕಂತಿನ ಪಾಲಿಸಿಗಳನ್ನು ದಲ್ಲಾಳಿಗಳು ಜನಕ್ಕೆ ಗೊತ್ತಿಲ್ಲದೆ ಅವರ ಹೆಸರಲ್ಲಿ ಮಾಡಿಸಿ ಕಮಿಷನ್ ತಿಂದರು ಅನ್ನುತ್ತಾರೆ. ಇದೂ ನಡೆದದ್ದೇ. ಸರಿ, ದಲ್ಲಾಳಿಯನ್ನು ಹಿಡಿದು ಒಳಗೆ ಹಾಕಿ. ಅವನು ಕದ್ದ ಅಂತ ತಟ್ಟೆ ತೊಳೆಯುವವಳ ಔಷಧಿ ಯಾಕೆ ಕಿತ್ತುಕೊಳ್ಳುತ್ತೀರಿ? ಇನ್ನು ಖಜಾನೆ ಖಾಲಿ ಅನ್ನುವ ಇದೇ ಮಹಾಶಯರು 2025ರ ಜುಲೈ 4ರಂದು 2017ರ ತೆರಿಗೆ ಕಡಿತಗಳಲ್ಲಿ ಬಹುಪಾಲನ್ನು ಕಾಯಂ ಮಾಡಿದರು. ಅದೇ ಕಾಯ್ದೆಯಿಂದ 2034ರ ಹೊತ್ತಿಗೆ ಇನ್ನೂ ಒಂದು ಕೋಟಿ ಜನ ವಿಮೆ ಇಲ್ಲದವರಾಗುತ್ತಾರೆ ಅಂತ ಹೇಳಿದ್ದೂ ಅದೇ ಬಜೆಟ್ ಕಚೇರಿ. ಒಂದು ಲೆಕ್ಕ ಕಿವಿಗೆ ಬೀಳುತ್ತದೆ, ಇನ್ನೊಂದು ಬೀಳುವುದಿಲ್ಲ.

ಹಾಗಂತ ಕ್ರೆಡಿಟ್ ಹಿಗ್ಗಿಸಿದವರಿಗೆ ನಾವು ಪೂರಾ ಜೈ ಅನ್ನುವವರಲ್ಲ. ಹಣ ಹೋಗುವುದು ಕಂಪನಿಗೆ ಅಂದೆವಲ್ಲ. ಬಡವನ ಪಾಲು ವರಮಾನಕ್ಕೆ ಕಟ್ಟಿಹಾಕಿದ್ದರಿಂದ, ಕಂಪನಿ ಕಂತು ಏರಿಸಿದರೆ ಏರಿದ್ದನ್ನು ತುಂಬುವುದು ಖಜಾನೆ. ನೂರು ಡಾಲರಿನಲ್ಲಿ ಎಂಬತ್ತನ್ನು ಚಿಕಿತ್ಸೆಗೆ ಖರ್ಚು ಮಾಡಲೇಬೇಕು ಅನ್ನುವ ನಿಯಮ ಇದೆ, ಒಪ್ಪುತ್ತೇವೆ. ಆದರೆ ಕಂತು ದೊಡ್ಡದಾದಷ್ಟೂ ಉಳಿದ ಇಪ್ಪತ್ತರ ಗಂಟೂ ದೊಡ್ಡದಾಗುತ್ತದಲ್ಲ! ಇಷ್ಟೆಲ್ಲ ಮಾಡಿ ಕಾರ್ಡು ಕೈಗೆ ಬಂದಮೇಲೂ ಅಗ್ಗದ ಪಾಲಿಸಿಗಳಲ್ಲಿ ಮೊದಲ ಸಾವಿರಾರು ಡಾಲರ್ ಬಿಲ್ಲನ್ನು ರೋಗಿಯೇ ಕಟ್ಟಬೇಕು. ಜೇಬಲ್ಲಿ ಕಾರ್ಡು ಇಟ್ಟುಕೊಂಡು ಆಸ್ಪತ್ರೆಯ ಮುಂದೆ ನಿಂತು ಯೋಚನೆ ಮಾಡುವ ಸ್ಥಿತಿ.

1945ರ ನವೆಂಬರಿನಲ್ಲಿ ಟ್ರೂಮನ್ ಇಡೀ ದೇಶಕ್ಕೆ ಒಂದೇ ಆರೋಗ್ಯ ವಿಮೆ ಬೇಕು ಅಂದಾಗ ಡಾಕ್ಟರುಗಳ ಸಂಘವೇ ಅಡ್ಡ ನಿಂತು ಅದನ್ನು ಮುಳುಗಿಸಿತು. ಅದೇ ವರ್ಷಗಳಲ್ಲಿ ಇಲ್ಲಿ ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರು. 1943ರಲ್ಲಿ ಅಡಾರ್ಕರ್ ಅವರನ್ನು ನೇಮಿಸಿ ಕಾರ್ಮಿಕರ ಆರೋಗ್ಯ ವಿಮೆಗೆ ವರದಿ ತಯಾರಾಯಿತು. 1948ರ ಇ.ಎಸ್.ಐ. ಕಾಯ್ದೆ ಬಂದದ್ದು ಅದರಿಂದ. ಸಂಬಳಕ್ಕೆ ತಕ್ಕ ವಂತಿಗೆ, ಜೊತೆಗೆ ಸ್ವಂತ ಆಸ್ಪತ್ರೆ. ಅದರ ಕೊರತೆಗಳು ನೂರಿವೆ, ಅದನ್ನು ಇನ್ನೊಮ್ಮೆ ಬರೆಯೋಣ. ಆದರೆ ಅಲ್ಲಿ ನಡುವೆ ಲಾಭದ ಕಂಪನಿ ಕೂತಿಲ್ಲ. ಅಮೆರಿಕದಲ್ಲಿ ಬ್ಲ್ಯಾಕ್ ಪ್ಯಾಂಥರ್ ಹುಡುಗರು 1970ರ ಸುಮಾರಿಗೆ ತಮ್ಮ ಕೇರಿಗಳಲ್ಲಿ ಉಚಿತ ದವಾಖಾನೆ ತೆರೆದದ್ದೂ ಕೂಡ ವಿಮೆಯ ಚೀಟಿ ಕೇಳದೆಯೇ.

ಸಾಗರೋತ್ತರ ಸ್ಕಾಲರ್‌ಷಿಪ್ ಹಿಡಿದು ಅಲ್ಲಿಗೆ ಹೊರಟಿರುವ ನಮ್ಮ ಹಾಸ್ಟೆಲ್ ಗೆಳೆಯರಿಗೆ ಒಂದು ಮಾತು. 2025ರ ಜುಲೈ ಕಾಯ್ದೆ ವಲಸೆ ಬಂದವರ ಕ್ರೆಡಿಟ್ಟಿಗೂ ಕತ್ತರಿ ಹಾಕಿದೆ. ಕಾನೂನುಬದ್ಧ ವೀಸಾ ಇದ್ದೂ ಬಡತನ ರೇಖೆಗಿಂತ ಕಡಿಮೆ ವರಮಾನ ಇರುವವರಿಗೆ 2026ರಿಂದಲೇ ಇಲ್ಲ. 2027ರ ಜನವರಿಯಿಂದ ವಿದ್ಯಾರ್ಥಿ ವೀಸಾದವರಿಗೆ, ಕೆಲಸದ ವೀಸಾದವರಿಗೆ ಯಾವ ವರಮಾನಕ್ಕೂ ಇಲ್ಲ. ಗ್ರೀನ್ ಕಾರ್ಡಿನವರು ಮತ್ತು ಬೇರೆ ಒಂದೆರಡು ಗುಂಪಿನವರು ಮಾತ್ರ ಉಳಿಯುತ್ತಾರೆ. ಕೆಲವು ವರ್ಷದ ಹಿಂದೆ ಹೋದ ಸೀನಿಯರ್ ಹೇಳಿದ್ದನ್ನು ನಂಬಿ ಹೊರಡಬೇಡಿ. ವಿಶ್ವವಿದ್ಯಾಲಯದ ವಿಮೆ ಎಷ್ಟು, ಸ್ಕಾಲರ್‌ಷಿಪ್ಪಿನಲ್ಲಿ ಅದು ಸೇರಿದೆಯೋ ಇಲ್ಲವೋ, ಬರೆಹದಲ್ಲಿ ಕೇಳಿ ಪಡೆಯಿರಿ.

ನಮ್ಮ ನಿಲುವು: ಕ್ರೆಡಿಟ್ ಮುಂದುವರಿಯಬೇಕು, ಇವತ್ತು ಕಾಯಿಲೆ ಬಿದ್ದವಳು ಒಳ್ಳೆಯ ಕಾಯ್ದೆ ಬರುವವರೆಗೆ ಕಾಯಲಾರಳು. ಆದರೆ ಬಡತನ ರೇಖೆಯ ಕೆಳಗಿನ ಆ 14 ಲಕ್ಷ ಜನಕ್ಕೆ ಮೂರು ವರ್ಷದ ಮಸೂದೆಯಲ್ಲೂ ಒಂದು ಸಾಲಿನ ಜಾಗ ಇರಲಿಲ್ಲ. ಅದನ್ನು ಎರಡೂ ಪಕ್ಷದವರಿಗೆ ಕೇಳಬೇಕು. ನಮ್ಮ ರಾಜ್ಯದ ಆರೋಗ್ಯ ಕಾರ್ಡುಗಳ ಹಣ ಯಾವ ಆಸ್ಪತ್ರೆಗೆ ಹೋಗುತ್ತದೆ, ತಾಲ್ಲೂಕು ಆಸ್ಪತ್ರೆಗೆ ಎಷ್ಟು ಉಳಿಯುತ್ತದೆ ಅಂತ ನಿಮ್ಮ ನಿಮ್ಮ ಊರಲ್ಲಿ ವಿಚಾರಿಸಿ ನಮಗೆ ಬರೆಯಿರಿ. ಬಂದಷ್ಟನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.