ಪೆಂಗ್ವಿನ್: ಯಾವ ಹಕ್ಕಿಯ ಹೆಸರು?

ಪೆಂಗ್ವಿನ್ ಎಂದೊಡನೆ ನಮಗೆ ನೆನಪಾಗುವುದು ಅಂಟಾರ್ಕ್ಟಿಕದ ಹಿಮದ ಮೇಲೆ ಸಾಲುಗಟ್ಟಿ ನಡೆಯುವ ಹಕ್ಕಿಗಳು. ಆದರೆ ಆ ಹೆಸರು ಮೊದಲು ಸಂದದ್ದು ಉತ್ತರ ಅಟ್ಲಾಂಟಿಕ್ ಸಾಗರದ ಗ್ರೇಟ್ ಆಕ್ ಎಂಬ ಕಡಲ ಹಕ್ಕಿಗೆ. ಅದು ಹಾರಲಾರದು, ವರ್ಷಕ್ಕೊಂದೇ ಮೊಟ್ಟೆಯಿಡುತ್ತಿತ್ತು.

ವೇಲ್ಸ್ ನಾಡಿನ ಭಾಷೆಯಲ್ಲಿ ‘ಪೆನ್’ ಎಂದರೆ ತಲೆ. ಶಿಖರ, ತುದಿ, ಭೂಶಿರ ಎಂಬರ್ಥಗಳೂ ಅದಕ್ಕುಂಟು. ‘ಗ್ವಿನ್’ ಎಂದರೆ ಬಿಳಿ, ಪವಿತ್ರವೆಂದೂ ಆಗುತ್ತದೆ. ಕೂಡಿದರೆ ‘ಬಿಳಿತಲೆ’. ಆದರೆ ಗ್ರೇಟ್ ಆಕ್‌ನ ತಲೆ ಕಪ್ಪು! ಕೊಕ್ಕು ಮತ್ತು ಕಣ್ಣಿನ ನಡುವೆ ಮಾತ್ರ ಒಂದು ಬಿಳಿಯ ಮಚ್ಚೆ. ಆದ್ದರಿಂದ ಬಿಳಿಯ ಭೂಶಿರವೊಂದರ ಹೆಸರೇ ಹಕ್ಕಿಗೆ ಬಂತೆಂದು ಕೆಲವರು ವಾದಿಸುತ್ತಾರೆ. ಕೊಬ್ಬಿದ ಎಂಬರ್ಥದ ಲ್ಯಾಟಿನ್ ‘ಪಿಂಗ್ವಿಸ್’ ಮೂಲವೆನ್ನುವವರೂ ಇದ್ದಾರೆ. ವೆಲ್ಷ್ ಮೂಲವೇ ಹೆಚ್ಚು ಸಂಭವನೀಯವೆಂದು ನನ್ನ ಎಣಿಕೆ. ನನ್ನ ತಕರಾರು ಬೇರೆಯದು.

ಈ ಪದದ ಮೂಲಶೋಧನೆ ಆರಂಭದಿಂದಲೂ ನಿಷ್ಪಾಪವಾಗಿರಲಿಲ್ಲ. ಮಡಾಕ್ ಎಂಬ ವೆಲ್ಷ್ ರಾಜಕುಮಾರ ಕೊಲಂಬಸನಿಗಿಂತ ಮೊದಲೇ ಅಮೆರಿಕ ತಲುಪಿದ್ದನೆಂಬುದೊಂದು ದಂತಕಥೆ. 1583ರಲ್ಲಿ ಜಾರ್ಜ್ ಪೆಕ್‌ಹ್ಯಾಮ್ ಅದಕ್ಕೆ ಈ ಪದವನ್ನೂ ಸಾಕ್ಷಿಯಾಗಿ ಹೂಡಿ, ಆ ನೆಲದ ಮೇಲೆ ಇಂಗ್ಲೆಂಡಿನ ರಾಣಿಯ ಹಕ್ಕನ್ನು ಸಾಧಿಸಲು ಹೊರಟ. ಹಕ್ಕಿಯ ಹೆಸರು ಭೂಕಬಳಿಕೆಯ ದಸ್ತಾವೇಜಾಯಿತು! ಹಕ್ಕಿಯ ಗತಿಯೇನಾಯಿತು? ನ್ಯೂಫೌಂಡ್‌ಲ್ಯಾಂಡ್ ಬಳಿಯ ಫಂಕ್ ದ್ವೀಪದಲ್ಲಿ ನಾವಿಕರು ಅದನ್ನು ಮೊದಲು ಮಾಂಸಕ್ಕಾಗಿ, ಆಮೇಲೆ ಹಾಸಿಗೆಗೆ ತುಂಬುವ ಗರಿಗಾಗಿ ಕೊಂದರು. ಗರಿ ಸಡಿಲಿಸಲು ನೀರು ಕಾಯಬೇಕು. ಆ ಬಂಡೆಯ ಮೇಲೆ ಮರವಿಲ್ಲ. ಕೊಬ್ಬಿದ ಹಕ್ಕಿಗಳನ್ನೇ ಸೌದೆಯಂತೆ ಉರಿಸಿದರು. ಇದು ನಿಲ್ಲದಿದ್ದರೆ ಸಂತತಿ ಉಳಿಯದೆಂದು ವ್ಯಾಪಾರಿ ಜಾರ್ಜ್ ಕಾರ್ಟ್‌ರೈಟ್ 1785ರಲ್ಲೇ ಬರೆದಿಟ್ಟ. ಕೇಳಿದವರಾರು?

ಹಕ್ಕಿ ವಿರಳವಾದಂತೆ ಬೆಲೆಯೇರಿತು. ಆಗ ಕೊಳ್ಳಲು ಬಂದವರು ವಸ್ತುಸಂಗ್ರಹಾಲಯದವರು, ಪ್ರಕೃತಿ ಶಾಸ್ತ್ರದ ಹವ್ಯಾಸಿಗಳು. ವಿಜ್ಞಾನವನ್ನೇ ವೃತ್ತಿಯಾಗಿಸಿಕೊಂಡ ನನಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ. 1844ರ ಜೂನ್‌ನಲ್ಲಿ ಐಸ್‌ಲ್ಯಾಂಡಿನ ಎಲ್ಡೆ ದ್ವೀಪದಲ್ಲಿ, ಖಚಿತವಾಗಿ ದಾಖಲಾದ ಕೊನೆಯ ಜೋಡಿಯನ್ನು ಕತ್ತು ಹಿಸುಕಿ ಕೊಂದದ್ದು ಇಂಥ ಮಾರಾಟಕ್ಕಾಗಿಯೇ. ಅವುಗಳ ಒಳಾಂಗಗಳು ಕೋಪನ್‌ಹೇಗನ್ನಿನ ಸಂಗ್ರಹಾಲಯದಲ್ಲಿ ಇಂದಿಗೂ ಇವೆ.

ಇತ್ತ ದಕ್ಷಿಣದ ಕಡಲಿಗೆ ಹೋದ ನಾವಿಕರು, ಮೇಲ್ನೋಟದ ಹೋಲಿಕೆಯಿಂದ, ರಕ್ತಸಂಬಂಧವಿಲ್ಲದ ಇನ್ನೊಂದು ಹಕ್ಕಿಗೂ ಅದೇ ಹೆಸರಿಟ್ಟಿದ್ದರು. ಹೀಗಾಗಿ ಮೊದಲನೆಯದು ಅಳಿದಾಗ ಪದಕೋಶದಲ್ಲಿ ಯಾವ ಜಾಗವೂ ಖಾಲಿಯಾಗಲಿಲ್ಲ. ಫ್ರೆಂಚರು ಮಾತ್ರ ಇಂದಿಗೂ ಉತ್ತರದ ಆಕ್ ಬಳಗಕ್ಕೆ ‘ಪ್ಯಾಂಗ್ವ್ಯಾಂ’, ದಕ್ಷಿಣದ್ದಕ್ಕೆ ‘ಮಾಂಶೊ’ ಎಂದು ಬೇರೆ ಬೇರೆ ಹೆಸರು ಉಳಿಸಿಕೊಂಡಿದ್ದಾರೆ. ಕನ್ನಡಕ್ಕೆ ಈ ಪದ ಇಂಗ್ಲಿಷಿನ ಮೂಲಕ, ಆ ಮರೆವಿನೊಂದಿಗೇ ಬಂದಿದೆ. ನಮ್ಮ ನಿಘಂಟುಕಾರರು ‘ಪೆಂಗ್ವಿನ್’ ಎಂಬಲ್ಲಿ ಇನ್ನಾದರೂ ಮೊದಲ ಅರ್ಥವಾಗಿ ಗ್ರೇಟ್ ಆಕ್ ಅನ್ನು ಕೊಡಲಿ. ಜೊತೆಗೆ 1844 ಎಂಬ ಇಸವಿಯನ್ನೂ.