ಮನೆಯಂಗಳದ ಮಾತು: ಅರ್ಧ ಇಟ್ಟಿಗೆಯ ಲೆಕ್ಕ



ಮೇ ತಿಂಗಳ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು, ಅಟ್ಟ ಗುಡಿಸುವುದು. ಇನ್ನೊಂದು, ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು. ಈ ಸಲ ಮೊದಲನೆಯದನ್ನು ಮಾಡಲು ಹೋಗಿ ಎರಡನೆಯದೂ ತಾನಾಗಿಯೇ ಆಯಿತು.

ಅಟ್ಟದ ಮೂಲೆಯಲ್ಲಿ, ಹಳೆಯ ಕ್ರಿಸ್ಮಸ್ ನಕ್ಷತ್ರಗಳ ಕೆಳಗೆ, ಕಪ್ಪು ಬಣ್ಣದ ಒಂದು ಕೀಲಿಮಣೆ ಸಿಕ್ಕಿತು. ಎಂಟನೆಯ ತರಗತಿ ಮುಗಿಸಿದ ಮೊಮ್ಮಗ, "ತಾತ, ಕೀಬೋರ್ಡ್ ಇದೆ, ಕಂಪ್ಯೂಟರ್ ಎಲ್ಲಿ?" ಎಂದ. "ಇದೇ ಕಂಪ್ಯೂಟರ್" ಎಂದರೆ ನಂಬಲಿಲ್ಲ.

ಅದು ಸ್ಪೆಕ್ಟ್ರಮ್ ಪ್ಲಸ್. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರಲ್ಲಿ ಹೊರತಂದ ಜೆಡ್ ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರಿನ ತಮ್ಮ ಇದು, ಹುಟ್ಟಿದ್ದು 1984ರಲ್ಲಿ. ನಮ್ಮ ದೇಶದಲ್ಲಿ 1986ರಿಂದ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಪರವಾನಗಿ ಪಡೆದು ಇದನ್ನು ಮಾರುತ್ತಿತ್ತು. ನಾವು ಸಿಪ್ಕಾಟ್‌ನ ಕಾರ್ಖಾನೆಯ ಕೆಲಸಕ್ಕೆಂದು ಹೊಸೂರಿಗೆ ಬಂದ ಹೊಸದರಲ್ಲಿ, ಕೂಡಿಟ್ಟ ಹಣವನ್ನೆಲ್ಲಾ ಹಾಕಿ ಬೆಂಗಳೂರಿನಿಂದ ತಂದಿದ್ದೆವು. ಆಗ ಹೊಸೂರು ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಅದರ ಜ್ಞಾಪಕಶಕ್ತಿ 48 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು.

ಪೇಟೆಯ ರೇಡಿಯೋ ರಿಪೇರಿಯವರು ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಿ, ಕೀಲಿಗಳ ಕೆಳಗೆ ಸೀಳಿಹೋಗಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಹೊಸದು ತರಿಸಿ ಹಾಕಿಕೊಟ್ಟರು. ಹಳೆಯ ದಪ್ಪ ಟಿ.ವಿ.ಗೆ ಜೋಡಿಸಿದೆವು. ಬಿಳಿಯ ಪರದೆಯ ಕೆಳಗೆ ಕಂಪನಿಯ ಹೆಸರಿನ ಒಂದು ಸಾಲು ಬಂದು ನಿಂತಿತು. ಮೊಮ್ಮಗನೂ ಅವನ ಗೆಳೆಯನೂ ಕಾದರು. ಏನೂ ಆಗಲಿಲ್ಲ.

"ಮುಂದೇನು ತಾತ?"

"ನೀವು ಹೇಳಿದ್ದನ್ನು ಅದು ಮಾಡುತ್ತದೆ. ಹೇಳದಿದ್ದರೆ ಹೀಗೇ ಕೂತಿರುತ್ತದೆ."

ಆ ಗೆಳೆಯನ ಬಗ್ಗೆ ಒಂದು ಮಾತು. ಅವನು ನಮ್ಮ ಧರ್ಮಕೇಂದ್ರದ ಹುಡುಗನೇ. ಅವನ ತಂದೆ ಗಾರೆ ಮೇಸ್ತ್ರಿ. ಆ ವಾರ ನಮ್ಮ ಪಕ್ಕದ ಸೈಟಿನಲ್ಲೇ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದರು. ಹುಡುಗ ಮಾತ್ರ ಗೇಟಿನ ಕಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಶಾಲೆಯಲ್ಲಿ ಯಾರಾದರೂ ಕೇಳಿದರೆ "ಅಪ್ಪ ಬಿಸಿನೆಸ್ ಮಾಡ್ತಾರೆ" ಎನ್ನುತ್ತಾನಂತೆ. ಮೊಮ್ಮಗ ಇದನ್ನು ನಗುತ್ತಾ ಹೇಳಿದ್ದ. ನಮಗೆ ನಗು ಬರಲಿಲ್ಲ.

"ಗೋಡೆ ಕಟ್ಟೋಣ" ಎಂದೆವು.

ಈ ಕಂಪ್ಯೂಟರಿನ ಪರದೆ ಚೌಕಾಬಾರದ ಮಣೆಯಂತೆ ಮನೆ ಮನೆಯಾಗಿದೆ. ಅಡ್ಡಕ್ಕೆ 32 ಮನೆ, ಮೇಲಿನಿಂದ ಕೆಳಕ್ಕೆ 24. ಕೆಳಗಿನ ಎರಡು ಸಾಲು ಟೈಪ್ ಮಾಡುವುದಕ್ಕೆ ಮೀಸಲು, ಉಳಿಯುವುದು 22. ಒಂದೊಂದು ಮನೆಯೂ ಎಂಟೆಂಟು ಚುಕ್ಕಿಗಳ ಚೌಕ. ನಮಗೆ ಬೇಕಾದ ಚಿತ್ರವನ್ನು ನಾವೇ ಚೌಕುಳಿ ಹಾಳೆಯ ಮೇಲೆ ಬರೆದು, ಒಂದೊಂದು ಸಾಲನ್ನೂ ಒಂದು ಸಂಖ್ಯೆಯಾಗಿಸಿ ಕೊಟ್ಟರೆ ಅದು ಅಕ್ಷರದ ಹಾಗೆ ಮೂಡುತ್ತದೆ. ಎಂಟೂ ಚುಕ್ಕಿ ತುಂಬಿದರೆ 255. ಬಲತುದಿಯ ಒಂದು ಚುಕ್ಕಿ ಖಾಲಿ ಬಿಟ್ಟರೆ 254. ಎಲ್ಲವೂ ಖಾಲಿಯಾದರೆ ಸೊನ್ನೆ.

ಒಂದು ಇಟ್ಟಿಗೆಗೆ ಎರಡು ಮನೆ. ಎಡ ಅರ್ಧಕ್ಕೆ ಏಳು ಸಲ 255, ಕೊನೆಗೆ ಸೊನ್ನೆ. ಬಲ ಅರ್ಧಕ್ಕೆ ಏಳು ಸಲ 254, ಕೊನೆಗೆ ಸೊನ್ನೆ. ಖಾಲಿ ಬಿಟ್ಟ ಚುಕ್ಕಿಗಳೇ ಗಾರೆಯ ಸಂದು. ಇದು ಬರಿಯ ಆಟದ ಅಳತೆಯೂ ಅಲ್ಲ. ಭಾರತೀಯ ಮಾನಕ ಸಂಸ್ಥೆಯ ಅಳತೆಯ ಇಟ್ಟಿಗೆ 19 ಸೆಂಟಿಮೀಟರ್ ಉದ್ದ, 9 ಅಗಲ, 9 ಎತ್ತರ. ಒಂದು ಸೆಂಟಿಮೀಟರ್ ಗಾರೆ ಸೇರಿದರೆ ಎದುರಿನಿಂದ ಕಾಣುವುದು 20 ಉದ್ದ, 10 ಎತ್ತರ. ನಮ್ಮ ಎರಡು ಮನೆಯ ಲೆಕ್ಕವೇ. ಗೂಡಿನಿಂದ ಗೂಡಿಗೆ ಇಟ್ಟಿಗೆಯ ಅಳತೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಅದು ಬೇರೆ ಮಾತು.

ಮಕ್ಕಳು ತಾವೇ ಬರೆದ ಮೊದಲ ಪ್ರೋಗ್ರಾಮ್ ಐದೇ ಸಾಲು. ಸೊನ್ನೆಯಿಂದ 21ರವರೆಗೆ ಒಂದೊಂದು ವರಸೆ. ಪ್ರತಿ ವರಸೆಯಲ್ಲೂ ಎರಡೆರಡು ಮನೆ ದಾಟುತ್ತಾ ಒಂದೊಂದು ಇಟ್ಟಿಗೆ. ಕೆಂಪು ಇಟ್ಟಿಗೆಗಳು ಸಾಲುಸಾಲಾಗಿ ಮೂಡಿದಾಗ ಇಬ್ಬರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೇಸ್ತ್ರಿ ನೀರು ಕೇಳಲು ಬಾಗಿಲಿಗೆ ಬಂದವರು ಟಿ.ವಿ. ನೋಡಿ ನಿಂತರು.

"ಏನ್ ಸಾರ್, ಗೋಡೆ ಮೇಲಿಂದ ಕೆಳಕ್ಕೆ ಬರ್ತಾ ಇದೆ? ಬುನಾದಿ ಎಲ್ಲಿ?"

ನಿಜವೇ. ಈ ಕಂಪ್ಯೂಟರ್ ಸಾಲುಗಳನ್ನು ಮೇಲಿನಿಂದ ಎಣಿಸುತ್ತದೆ. ಸೊನ್ನೆಯ ಸಾಲು ತುತ್ತತುದಿಯಲ್ಲಿದೆ. ನಮ್ಮ ಗೋಡೆ ಸೂರಿನಿಂದ ನೇತಾಡುತ್ತಾ ಇಳಿದಿತ್ತು. 21ರಿಂದ ಸೊನ್ನೆಗೆ ಹಿಂದಕ್ಕೆ ಎಣಿಸುವಂತೆ ತಿದ್ದಿದೆವು. ಗೋಡೆ ನೆಲದಿಂದ ಎದ್ದಿತು. ಮೇಸ್ತ್ರಿ ಮತ್ತೆ ತಲೆಯಾಡಿಸಿದರು.

"ಸಂದಿನ ಮೇಲೆ ಸಂದು ಕೂತಿದೆ ಸಾರ್. ಇದು ಗೋಡೆ ಅಲ್ಲ, ಪಕ್ಕಪಕ್ಕ ನಿಲ್ಲಿಸಿದ ಹದಿನಾರು ಕಂಬ. ಒಂದು ಕಡೆ ನೆಲ ಕುಸಿದ್ರೆ ಮೇಲಿಂದ ಕೆಳಗಿನ ತನಕ ನೆಟ್ಟಗೆ ಬಿರುಕು ಬಿಡ್ತದೆ. ಒಂದು ಇಟ್ಟಿಗೆ ಭಾರಾನ ಕೆಳಗಿನ ಎರಡು ಇಟ್ಟಿಗೆ ಹೊರಬೇಕು."

ಅಷ್ಟು ಹೇಳಿ ನೀರು ಕುಡಿದು ಕೆಲಸಕ್ಕೆ ಹೋದರು. ಹುಡುಗ ಅಷ್ಟು ಹೊತ್ತೂ ಚೌಕುಳಿ ಹಾಳೆಯನ್ನೇ ನೋಡುತ್ತಿದ್ದ.

ಸರಿ, ಒಂದು ವರಸೆ ಬಿಟ್ಟು ಒಂದು ವರಸೆಯನ್ನು ಒಂದು ಮನೆ ಬಲಕ್ಕೆ ಸರಿಸಿದೆವು. ಅಲ್ಲಿ ಹೊಸ ತೊಂದರೆ. ಬಲತುದಿಯ ಇಟ್ಟಿಗೆಯ ಅರ್ಧಕ್ಕೆ ಪರದೆಯಲ್ಲಿ ಜಾಗವಿಲ್ಲ. ಈ ಕಂಪ್ಯೂಟರಿಗೆ ಜಾಗ ಸಾಲದಿದ್ದರೆ ಉಳಿದದ್ದನ್ನು ಕೆಳಗಿನ ಸಾಲಿನ ಎಡತುದಿಯಲ್ಲಿ ಬರೆಯುವ ಅಭ್ಯಾಸ. ಹಾಗಾಗಿ ಅಲ್ಲಿದ್ದ ಒಳ್ಳೆಯ ಇಟ್ಟಿಗೆಯೂ ಕೆಟ್ಟಿತು. ಸರಿಸಿದ ವರಸೆಗಳ ಎಡತುದಿಯಲ್ಲಿ ಕಿಂಡಿಗಳು ಬೇರೆ ಉಳಿದವು. ಮೊಮ್ಮಗ ತಲೆ ಕೆರೆದುಕೊಂಡ. ನಾವೂ ಯೋಚಿಸುತ್ತಾ ಕುಳಿತೆವು.

ಆಗ ಹುಡುಗ ಮೆಲ್ಲಗೆ ಹೇಳಿದ: "ತಾತ, ತುದೀಲಿ ಅಪ್ಪ ಇಟ್ಟಿಗೆ ಒಡೆದು ಅರ್ಧ ಹಾಕ್ತಾರೆ. ಕರಣೆ ತುದೀಲಿ ಗೀರು ಹಾಕಿ ಒಂದೇ ಏಟಿಗೆ ಒಡೀತಾರೆ."

ಎರಡು ತುದಿಗೂ ಅರ್ಧ ಇಟ್ಟಿಗೆ. ಅದಕ್ಕೆ ಹೊಸ ಚಿತ್ರವೂ ಬೇಕಾಗಲಿಲ್ಲ. ಇಟ್ಟಿಗೆಯ ಬಲ ಅರ್ಧವೇ ಸಾಕು, ಅದರಲ್ಲಿ ಸಂದು ಮೊದಲೇ ಇದೆ. ವರಸೆ ನೇರವೋ ಸರಿದದ್ದೋ ಎಂದು ತಿಳಿಯಲು ಒಂದು ಗುರುತು ಇಟ್ಟುಕೊಂಡೆವು: ನೇರವಾದರೆ 0, ಸರಿದರೆ 1. ಪ್ರತಿ ವರಸೆ ಮುಗಿದ ಮೇಲೆ 1ರಿಂದ ಆ ಗುರುತನ್ನು ಕಳೆದರೆ ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ. ಇಟ್ಟಿಗೆ ಇಟ್ಟಾಗಲೆಲ್ಲಾ ಎಣಿಕೆಗೆ ಒಂದು ಸೇರಿಸುವಂತೆಯೂ ಬರೆದೆವು.

ಸಂಜೆ ಕೈಕಾಲು ತೊಳೆದು ಹೊರಟ ಮೇಸ್ತ್ರಿಯನ್ನು ನಮ್ಮ ಮನೆಯವರು ಕಾಫಿಗೆ ಕರೆದರು. ಪ್ರೋಗ್ರಾಮ್ ಓಡಿಸಿದೆವು. ಗೋಡೆ ಕೆಳಗಿನಿಂದ ಎದ್ದು ನಿಂತಿತು, ಸಂದಿನ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಸಂದು. ಕೊನೆಯಲ್ಲಿ ಎಣಿಕೆ ತೋರಿಸಿತು: 341.

ಮೇಸ್ತ್ರಿ ಲೋಟ ಕೆಳಗಿಟ್ಟು, "352 ಬೇಕಲ್ಲ ಸಾರ್?" ಎಂದರು.

ಮೊಮ್ಮಗ ಬಿಡಲಿಲ್ಲ. "ಮಾವ, ಕಂಪ್ಯೂಟರ್ ತಪ್ಪು ಮಾಡಲ್ಲ."

"ಮಾಡದೇ ಇರಬೋದಪ್ಪ. ಅಡಿ ವರಸೇಲಿ ಹದಿನಾರು. ಮೇಲಿನ ವರಸೇಲಿ ಹದಿನೈದು, ಎರಡು ಅರ್ಧ. ಎರಡು ಅರ್ಧ ಸೇರಿದ್ರೆ ಒಂದು, ಅದೂ ಹದಿನಾರೇ. ಇಪ್ಪತ್ತೆರಡು ವರಸೆಗೆ 352. ಒಡೆಯೋದಕ್ಕೆ ನೂರಕ್ಕೆ ಐದು ಸೇರಿಸಿ 370 ತರಿಸ್ತೀನಿ ನಾನು."

ಎಲ್ಲರೂ ಪರದೆ ನೋಡಿದೆವು. ಹುಡುಗ ಎದ್ದು ಬಂದು ಪ್ರೋಗ್ರಾಮಿನ ಸಾಲುಗಳ ಮೇಲೆ ಬೆರಳಿಟ್ಟು ಓದಿದ. "ಅಪ್ಪ ಹೇಳಿದ್ದೇ ಸರಿ" ಎಂದ. "ಅರ್ಧ ಇಟ್ಟಿಗೆ ಇಡು ಅಂತ ಹೇಳಿದ್ದೀವಿ. ಎಣಿಸು ಅಂತ ಹೇಳೇ ಇಲ್ಲ."

ಹನ್ನೊಂದು ವರಸೆಗಳಲ್ಲಿ ಎರಡೆರಡು ಅರ್ಧ, ಅಂದರೆ ಇಪ್ಪತ್ತೆರಡು ಅರ್ಧ, ಹನ್ನೊಂದು ಇಟ್ಟಿಗೆ. ಅಷ್ಟೇ ವ್ಯತ್ಯಾಸ. ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ನಾವು ಹೇಳಿದ್ದನ್ನಷ್ಟೇ ಮಾಡಿತ್ತು. ಹೇಳಲು ಮರೆತದ್ದು ನಾವು.

ತಿದ್ದಿದ ಪ್ರೋಗ್ರಾಮ್ ಹೀಗಿದೆ. ಬೇರೆ ಯಾವ ಕಂಪ್ಯೂಟರ್ ಭಾಷೆಯಲ್ಲಾದರೂ ಮಕ್ಕಳು ಬರೆದುಕೊಳ್ಳಬಹುದು:

10. ಎಣಿಕೆ 0, ಗುರುತು 0.
20. ವರಸೆಯನ್ನು 21ರಿಂದ 0ವರೆಗೆ ಒಂದೊಂದಾಗಿ ಇಳಿಸು.
30. ಗುರುತು 1 ಆಗಿದ್ದರೆ ಮೊದಲ ಮನೆಯಲ್ಲೂ ಕೊನೆಯ ಮನೆಯಲ್ಲೂ ಅರ್ಧ ಇಟ್ಟಿಗೆ ಇಡು. ಎಣಿಕೆಗೆ 1 ಸೇರಿಸು.
40. ಗುರುತಿನ ಅಂಕಿಯ ಮನೆಯಿಂದ ಶುರುಮಾಡಿ, 30ರಲ್ಲಿ ಗುರುತು ಕಳೆದ ಮನೆಯವರೆಗೆ, ಎರಡೆರಡಾಗಿ ದಾಟು.
50. ದಾಟುವಾಗ ಪ್ರತಿ ಸಲ ಇಟ್ಟಿಗೆ ಇಡು. ಎಣಿಕೆಗೆ 1 ಸೇರಿಸು.
60. ವರಸೆ ಮುಗಿದಾಗ ಗುರುತು = 1 − ಗುರುತು. ಮುಂದಿನ ವರಸೆ.
70. ಎಣಿಕೆಯನ್ನು ತೋರಿಸು.

ಮತ್ತೆ ಓಡಿಸಿದಾಗ 352 ಬಂತು. ಮೇಸ್ತ್ರಿ ಕಾಫಿ ಮುಗಿಸಿ ನಕ್ಕರು. "ಇಷ್ಟು ಉದ್ದಕ್ಕೆ ಒಂದೇ ಇಟ್ಟಿಗೆ ದಪ್ಪ ಆದ್ರೆ ನಡುವೆ ಒಂದು ಕಂಬ ಬೇಕು ಸಾರ್. ನಿಮ್ಮ ಟಿ.ವಿ. ಒಳಗೆ ಗಾಳಿ ಬೀಸೋದಿಲ್ಲ, ಪರವಾಗಿಲ್ಲ ಬಿಡಿ."

ನಮ್ಮ ಮಕ್ಕಳು ಈಗ ಯಾವ ಪ್ರಶ್ನೆಗೂ ಮೊಬೈಲ್ ಕೇಳುತ್ತಾರೆ. ಉತ್ತರವೂ ತಕ್ಷಣ ಬರುತ್ತದೆ. ಬೇಡವೆನ್ನುವುದಿಲ್ಲ. ಆದರೆ ಪಕ್ಕದಲ್ಲೇ ಕೂತ ಅಪ್ಪನಿಗೆ, ಅಮ್ಮನಿಗೆ ಕೈಯಲ್ಲಿ ಗೊತ್ತಿರುವ ಎಷ್ಟೋ ಲೆಕ್ಕಗಳನ್ನು ಯಾರೂ ಕೇಳುವುದೇ ಇಲ್ಲ. ಹೊಲಿಗೆಯ ತಾಯಿ ಬಟ್ಟೆ ಕತ್ತರಿಸುವ ಲೆಕ್ಕ, ಗುಲಾಬಿ ತೋಟದವರು ಸಾಲು ಬಿಡುವ ಲೆಕ್ಕ, ಲೇತ್ ಮೇಲಿನವರ ಕೂದಲೆಳೆಯ ಲೆಕ್ಕ, ಎಲ್ಲವೂ ನಮ್ಮ ಧರ್ಮಕೇಂದ್ರದ ಮನೆಗಳಲ್ಲೇ ಇವೆ. ಕಂಪ್ಯೂಟರಿಗೆ ಹೇಳಿಕೊಡಲು ಹೊರಟಾಗಲೇ ನಮಗೆ ಗೊತ್ತಾಯಿತು, ಮೊದಲು ನಾವು ಯಾರನ್ನು ಕೇಳಬೇಕಿತ್ತೆಂದು.

ಆ ರಾತ್ರಿ ಪ್ರೋಗ್ರಾಮನ್ನು ಕ್ಯಾಸೆಟ್ಟಿಗೆ ಉಳಿಸುವಾಗ ಅದಕ್ಕೊಂದು ಹೆಸರು ಬೇಕಾಯಿತು. ಹತ್ತು ಅಕ್ಷರ ಮೀರಬಾರದು. ಮೊಮ್ಮಗ "ಗೋಡೆ" ಎಂದ. ಹುಡುಗ ಅವನನ್ನು ಪಕ್ಕಕ್ಕೆ ಸರಿಸಿ, ಇಂಗ್ಲಿಷಿನ ನಾಲ್ಕು ಅಕ್ಷರ ಒತ್ತಿದ: ಅಪ್ಪ. ಟೇಪು ಕಿರ್ರೆಂದು ತಿರುಗಿತು.

ಒಂಬತ್ತು ಇಂಚಿನ ಗೋಡೆಗೆ ಒಂದು ವರಸೆ ಉದ್ದಕ್ಕೆ, ಒಂದು ವರಸೆ ಅಡ್ಡಕ್ಕೆ ಇಟ್ಟಿಗೆ ಹಾಕಬೇಕೆಂದು ಮೇಸ್ತ್ರಿ ಹೇಳಿ ಹೋಗಿದ್ದಾರೆ. ಅದನ್ನು ಬರೆಯುವುದು ಹೇಗೆಂದು ಹುಡುಗರಿಬ್ಬರೂ ಈಗ ಪಕ್ಕದ ಸೈಟಿನಲ್ಲಿ ನಿಂತು ನೋಡುತ್ತಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.