ಬೆದರಿಸದವರ 'ಬೆದರಿಕೆ'

ಅಪಾಯವನ್ನು ಸೂಚಿಸುವ ಪದಗಳಿಗೆ ಇಂಗ್ಲಿಷ್‌ನಲ್ಲಿ ಬರವಿಲ್ಲ. ಡೇಂಜರ್, ಥ್ರೆಟ್, ರಿಸ್ಕ್, ಹಜಾರ್ಡ್, ಮೆನೇಸ್, ಪೆರಿಲ್ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನಮ್ಮ ಪತ್ರಿಕೆಗಳು ಮತ್ತು ಚಾನೆಲ್‌ಗಳು ಹೆಚ್ಚಾಗಿ ಇವೆಲ್ಲವನ್ನೂ 'ಅಪಾಯ' ಅಥವಾ 'ಬೆದರಿಕೆ' ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುತ್ತವೆ. ಇದನ್ನು ಬರೇ ಭಾಷಾಂತರದ ಅವಸರವೆಂದು ತಳ್ಳಿ ಹಾಕುವಂತಿಲ್ಲ. ಯಾಕೆಂದರೆ, ಈ ಪದಗಳ ನಡುವಿನ ಗೆರೆಯನ್ನು ಅಳಿಸಿಯೇ ಒಂದು ರಾಷ್ಟ್ರದ ಮೇಲೆ ಯುದ್ಧ ಸಾರಲಾಗಿದೆ, ನಿರಪರಾಧಿಗಳನ್ನು ಸೆರೆಯಲ್ಲಿಡಲಾಗಿದೆ.

ವ್ಯತ್ಯಾಸವೇನೂ ಕ್ಲಿಷ್ಟವಾದುದಲ್ಲ. ರಸ್ತೆ ಬದಿಯ ತೆರೆದ ಬಾವಿ ಒಂದು ಹಜಾರ್ಡ್. ಅದರ ಬಳಿ ಆಡುವ ಮಕ್ಕಳು ಬಿದ್ದು ಗಾಯಗೊಳ್ಳುವ ಸಾಧ್ಯತೆಯ ಪ್ರಮಾಣ ರಿಸ್ಕ್. ಅಂಚಿನಲ್ಲಿ ಕಾಲು ಜಾರಿದ ಮಗು ಡೇಂಜರ್‌ನಲ್ಲಿದೆ. ಆದರೆ ಬಾವಿ ಯಾರಿಗೂ ಬೆದರಿಕೆ ಹಾಕುವುದಿಲ್ಲ. ಬೆದರಿಕೆಗೆ ಒಂದು ನಾಲಗೆ ಬೇಕು, ಉದ್ದೇಶ ಬೇಕು. ನಮ್ಮ ಕಾನೂನು ಕೂಡ ಇದನ್ನೇ ಹೇಳುತ್ತದೆ. ಭಾರತೀಯ ದಂಡ ಸಂಹಿತೆಯ 503ನೇ ಸೆಕ್ಷನ್ ಆಗಲಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ಆಗಲಿ, ಬೆದರಿಕೆಯನ್ನು ಅಪರಾಧವಾಗಿ ಕಾಣಬೇಕಾದರೆ ಒಬ್ಬಾತ ಇನ್ನೊಬ್ಬನನ್ನು ಬೆದರಿಸಿರಬೇಕು ಮತ್ತು ಅದರ ಹಿಂದೆ ಉದ್ದೇಶವಿರಬೇಕು.

ಇಂಗ್ಲಿಷ್‌ನ 'ಥ್ರೆಟ್'ಗೆ ಮಾತ್ರ ಎರಡು ಮುಖಗಳಿವೆ. ಒಂದು, ಬೆದರಿಸುವ ಕೃತ್ಯ. ಇನ್ನೊಂದು, ಅಪಾಯಕಾರಿ ಎಂದು ಇತರರು ಭಾವಿಸಿದ ವ್ಯಕ್ತಿ ಅಥವಾ ದೇಶ. ಮೊದಲನೆಯದಕ್ಕೆ ಬೆದರಿಸಿದವನ ಮಾತು ಸಾಕ್ಷಿಯಾಗಬೇಕು. ಎರಡನೆಯದಕ್ಕೆ ನೋಡುವವನ ಭಯವೇ ಸಾಕು. ಗಣ್ಯರಿಗೆ ಭದ್ರತೆ ಒದಗಿಸುವಾಗ ನಮ್ಮ ಅಧಿಕಾರಿಗಳು ಬಳಸುವ 'ಥ್ರೆಟ್ ಪರ್ಸೆಪ್ಷನ್' ಎಂಬ ಮಾತಿನಲ್ಲಿ ಈ ಎರಡನೇ ಅರ್ಥವಿದೆ. ಆದರೆ ಕನ್ನಡದ 'ಬೆದರಿಕೆ'ಯನ್ನು ಕೇಳಿದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಬೆದರಿಸಿದ ಒಬ್ಬ ವ್ಯಕ್ತಿ. ಆದ್ದರಿಂದ 'ಥ್ರೆಟ್' ಎಂಬುದು 'ಬೆದರಿಕೆ'ಯಾಗಿ ಅಚ್ಚಾದಾಗ, ಬಾಯಿ ತೆರೆಯದವನೂ ಬೆದರಿಸಿದವನಾಗಿ ಬಿಡುತ್ತಾನೆ.

ಇರಾಕ್‌ನ ವಿಷಯದಲ್ಲಿ ನಡೆದುದೇನು? 2002ರ ಸೆಪ್ಟೆಂಬರ್ 12ರಂದು ವಿಶ್ವಸಂಸ್ಥೆಯಲ್ಲಿ ಮಾತನಾಡಿದ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಸದ್ದಾಮ್ ಆಡಳಿತವನ್ನು 'ಗ್ರೇವ್ ಆ್ಯಂಡ್ ಗ್ಯಾದರಿಂಗ್ ಡೇಂಜರ್' ಎಂದು ಕರೆದರು. ಗಂಭೀರವಾದ, ಕಾರ್ಮೋಡದಂತೆ ಕವಿಯುತ್ತಿರುವ ಅಪಾಯ ಎಂದರ್ಥ. ಕವಿಯುತ್ತಿರುವ ಅಪಾಯಕ್ಕೆ ದಿನಾಂಕವಿರುವುದಿಲ್ಲ. ಅದು ನಾಳೆಯೂ ಬರಬಹುದು, ಹತ್ತು ವರ್ಷಗಳ ಬಳಿಕವೂ ಬರಬಹುದು. 2003ರ ಮಾರ್ಚ್‌ನಲ್ಲಿ ದಾಳಿ ನಡೆಯಿತು. 2004ರಲ್ಲಿ ಅಮೆರಿಕದ್ದೇ ತನಿಖಾ ತಂಡದ ವರದಿ ಹೊರಬಂದಾಗ, ಸಮೂಹ ನಾಶಕ ಶಸ್ತ್ರಾಸ್ತ್ರಗಳ ದಾಸ್ತಾನು ಅಲ್ಲಿರಲಿಲ್ಲ ಎಂಬುದು ಸ್ಪಷ್ಟವಾಯಿತು. ಅದೇ ವರ್ಷ ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್, ತಮ್ಮ ವಿಶ್ಲೇಷಕರು ಇರಾಕನ್ನು 'ಇಮಿನೆಂಟ್' ಥ್ರೆಟ್ ಎಂದು ಎಂದೂ ಹೇಳಿರಲಿಲ್ಲವೆಂದರು. 2016ರ ಜುಲೈಯಲ್ಲಿ ಬ್ರಿಟನ್‌ನ ಚಿಲ್ಕಾಟ್ ವಿಚಾರಣಾ ವರದಿಯು, 2003ರ ಮಾರ್ಚ್‌ನಲ್ಲಿ ಸದ್ದಾಮ್‌ನಿಂದ ತಕ್ಷಣದ ಅಪಾಯವೇನೂ ಇರಲಿಲ್ಲವೆಂದು ದಾಖಲಿಸಿತು. ಅಷ್ಟರಲ್ಲಿ 13 ವರ್ಷಗಳು ಕಳೆದಿದ್ದುವು. ಸದ್ದಾಮ್ ಓರ್ವ ಕ್ರೂರ ಸರ್ವಾಧಿಕಾರಿ ಆಗಿದ್ದನೆಂಬುದು ನಿಜ. ಆದರೆ ಆತನ ಕ್ರೌರ್ಯಕ್ಕೆ ಬಲಿಯಾಗಿದ್ದ ಜನರೇ ಆತನ ಹೆಸರಿನಲ್ಲಿ ನಡೆದ ಯುದ್ಧಕ್ಕೂ ಬಲಿಯಾಗಬೇಕಿತ್ತೇ?

ಈ 'ಇಮಿನೆಂಟ್' ಎಂಬ ಪದದ ಕತೆಯೂ ಸ್ವಾರಸ್ಯಕರ. ಇನ್ನೇನು ಎರಗಲಿರುವ, ಕ್ಷಣಗಳ ದೂರದಲ್ಲಿರುವ ಎಂಬುದು ಅದರ ಅರ್ಥ. 1837ರಲ್ಲಿ ಬ್ರಿಟಿಷ್ ಪಡೆಗಳು ಅಮೆರಿಕದ ನೆಲಕ್ಕೆ ನುಗ್ಗಿ 'ಕ್ಯಾರೊಲೈನ್' ಎಂಬ ಹಡಗನ್ನು ನಾಶಪಡಿಸಿದ ಪ್ರಕರಣದಲ್ಲಿ, ಕೆಲವು ವರ್ಷಗಳ ಬಳಿಕ ಅಮೆರಿಕದ ವಿದೇಶ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ ಒಂದು ಕಠಿಣ ಮಾನದಂಡವನ್ನು ಮುಂದಿಟ್ಟರು. ಆಲೋಚಿಸಲೂ ಸಮಯವಿಲ್ಲದ, ಬೇರೆ ದಾರಿಯೇ ಇಲ್ಲದ ಸ್ಥಿತಿಯಲ್ಲಿ ಮಾತ್ರ ಇಂಥ ಆತ್ಮರಕ್ಷಣೆ ಸಮರ್ಥನೀಯ ಎಂಬುದೇ ಅದು. ತನ್ನ ಮೇಲೆ ದಾಳಿಯಾದಾಗ ಅಮೆರಿಕ ಹಿಡಿದ ತಕ್ಕಡಿ ಇದು. ತಾನೇ ದಾಳಿಕೋರನಾದಾಗ? 2002ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ತನ್ನ ರಾಷ್ಟ್ರೀಯ ಭದ್ರತಾ ನೀತಿಯಲ್ಲಿ, 'ಇಮಿನೆಂಟ್ ಥ್ರೆಟ್'ನ ಪರಿಕಲ್ಪನೆಯನ್ನು ಇಂದಿನ ವೈರಿಗಳಿಗೆ ತಕ್ಕಂತೆ ಮಾರ್ಪಡಿಸಬೇಕೆಂದು ಅದು ಹೇಳಿತು. 2013ರ ಫೆಬ್ರವರಿಯಲ್ಲಿ ಬಹಿರಂಗಗೊಂಡ ಅಲ್ಲಿನ ನ್ಯಾಯಾಂಗ ಇಲಾಖೆಯ ಟಿಪ್ಪಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ ಖಾಯಿದಾ ನಾಯಕನೆನಿಸಿಕೊಂಡ ಅಮೆರಿಕನ್ ಪ್ರಜೆಯನ್ನು ವಿದೇಶದಲ್ಲಿ ಕೊಲ್ಲುವುದಕ್ಕೆ, ನಿರ್ದಿಷ್ಟ ದಾಳಿಯೊಂದು ಸನಿಹದಲ್ಲೇ ನಡೆಯಲಿದೆ ಎಂಬ ಸ್ಪಷ್ಟ ಪುರಾವೆ ಬೇಕಿಲ್ಲವೆಂದು ಅದು ವ್ಯಾಖ್ಯಾನಿಸಿತು. ಪದ ಅದೇ, ಅರ್ಥ ಮಾತ್ರ ತಿರುವುಮುರುವು.

ಇದೆಲ್ಲ ದೂರದೇಶದ ಸಂಗತಿ, ನಮಗೇನು ಎನ್ನುವವರು ಬೆಂಗಳೂರಿನ ವೈದ್ಯ ಡಾ. ಮುಹಮ್ಮದ್ ಹನೀಫ್‌ರನ್ನು ನೆನಪಿಸಿಕೊಳ್ಳಲಿ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಯಿತು. ಆ ದಾಳಿ ನಿಜ, ಖಂಡನಾರ್ಹ ಮತ್ತು ಅದರ ತನಿಖೆ ಅಗತ್ಯವೂ ಆಗಿತ್ತು. ಆದರೆ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹನೀಫ್ ಬಂಧನವಾಯಿತು. ಬ್ರಿಟನ್‌ನಲ್ಲಿದ್ದ ಸಂಬಂಧಿಕನಿಗೆ ಬಿಟ್ಟು ಬಂದಿದ್ದ ಒಂದು ಸಿಮ್ ಕಾರ್ಡ್ ಅವರ ಪಾಲಿಗೆ ಮುಳುವಾಯಿತು. 12 ದಿನ ಅವರನ್ನು ಆರೋಪ ಹೊರಿಸದೆಯೇ ಇರಿಸಲಾಯಿತು. ಸಿಮ್ ಕಾರ್ಡ್ ದಾಳಿಗೆ ಬಳಸಿದ ಜೀಪಿನಲ್ಲಿ ಸಿಕ್ಕಿತ್ತೆಂದು ನ್ಯಾಯಾಲಯದಲ್ಲಿ ಹೇಳಲಾದ ಮಾತು ಸುಳ್ಳಾಗಿತ್ತು. ಜಾಮೀನು ಸಿಕ್ಕಿದ ದಿನವೇ ವೀಸಾ ರದ್ದಾಯಿತು. ಜುಲೈ 27ರಂದು ಆರೋಪವನ್ನೇ ಕೈಬಿಡಲಾಯಿತು. 2008ರ ಡಿಸೆಂಬರ್‌ನಲ್ಲಿ ಹೊರಬಂದ ಕ್ಲಾರ್ಕ್ ವಿಚಾರಣಾ ವರದಿಯು ಅವರ ವಿರುದ್ಧ ಪುರಾವೆಯಿರಲಿಲ್ಲವೆಂದು ಸಾರಿತು. ಆ ವೈದ್ಯ ಯಾರನ್ನೂ ಬೆದರಿಸಿರಲಿಲ್ಲ. ಆದರೂ ಆ ಜುಲೈಯಲ್ಲಿ ಅವರೊಂದು 'ಥ್ರೆಟ್' ಆಗಿಬಿಟ್ಟಿದ್ದರು.

ಹಾಗಾದರೆ ಅಪಾಯವನ್ನು ಅಳೆಯುವುದು ಹೇಗೆ? ನಮ್ಮ ಸುಪ್ರೀಮ್ ಕೋರ್ಟ್ 1989ರಲ್ಲೇ ಒಂದು ಅಳತೆಗೋಲನ್ನು ಕೊಟ್ಟಿದೆ. ತಮಿಳು ಚಿತ್ರವೊಂದರ ಪ್ರದರ್ಶನಕ್ಕೆ ಸಂಬಂಧಿಸಿದ ರಂಗರಾಜನ್ ಪ್ರಕರಣದಲ್ಲಿ ಅದು, ನಿರೀಕ್ಷಿತ ಅಪಾಯವು ದೂರದ್ದೂ ಊಹೆಯದ್ದೂ ಆಗಿರಬಾರದು, ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಂತೆ ನೇರವೂ ನಿಕಟವೂ ಆಗಿರಬೇಕು ಎಂದಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ಕುರಿತಾದ ಈ ಅಳತೆಗೋಲನ್ನು ದಿನನಿತ್ಯದ ಸುದ್ದಿಗೂ ಅನ್ವಯಿಸಿ ನೋಡಬಾರದೇಕೆ?

ಆದರೆ ಈ ಅಳತೆಗೋಲು ಬರೇ ಇತರರಿಗೆ ಮಾತ್ರ ಸೀಮಿತವಾದರೆ ನ್ಯಾಯವಾಗದು. ನಮ್ಮ ವೇದಿಕೆಗಳಲ್ಲೂ 'ಸಮುದಾಯ ಅಪಾಯದಲ್ಲಿದೆ' ಎಂಬ ಮಾತು ಅಗ್ಗವಾಗಿದೆ. ನೆರೆಯ ಬಡಾವಣೆಯಲ್ಲಿ ಏನೋ ಸಂಚು ನಡೆದಿದೆ ಎಂಬ ಊರಿಲ್ಲದ, ತೇದಿಯಿಲ್ಲದ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತವೆ. ಕಾರಣವಿಲ್ಲದೆ ನಮ್ಮನ್ನು ಶಂಕಿಸಿದಾಗ ನೋವಾಗುತ್ತದೆಂದಾದರೆ, ನೆರೆಯವರನ್ನು ಕಾರಣವಿಲ್ಲದೆ ಶಂಕಿಸಲು ನಮಗೆ ಯಾವ ಹಕ್ಕಿದೆ? ಮೇಲಾಗಿ, ದಿನಾ ಅಪಾಯದ ಗಂಟೆ ಬಾರಿಸುವವರ ಮಾತನ್ನು, ನಿಜವಾದ ಅಪಾಯ ಎದುರಾದ ದಿನ ಯಾರೂ ನಂಬುವುದಿಲ್ಲ.

ಆದ್ದರಿಂದ ಸುದ್ದಿಯೊಂದರಲ್ಲಿ 'ಬೆದರಿಕೆ' ಎಂಬ ಪದ ಕಂಡಾಗ ಮನೆಯ ಹಿರಿಯರು ಮಕ್ಕಳನ್ನು ಕೂರಿಸಿಕೊಂಡು ಕೆಲವು ಪ್ರಶ್ನೆಗಳನ್ನು ಕೇಳಲಿ. ಬೆದರಿಸಿದವರು ಯಾರು? ಯಾರಿಗೆ? ಯಾವಾಗ? ಪುರಾವೆ ಏನು? ಈ ಪ್ರಶ್ನೆಗಳಿಗೆ ಸುದ್ದಿಯಲ್ಲಿ ಉತ್ತರವಿಲ್ಲವೆಂದಾದರೆ, ಅದು ಸದ್ಯಕ್ಕೆ ಯಾರದೋ ಒಬ್ಬರ ಭಯವಷ್ಟೇ. ಭಯಪಡುವವರ ಮೇಲೆ ನಮಗೆ ಸಹಾನುಭೂತಿಯಿರಲಿ. ಆದರೆ ಆ ಭಯವನ್ನು ತೀರ್ಪೆಂದು ಒಪ್ಪಿಕೊಳ್ಳುವುದು ಬೇಡ.